ಹವಾಮಾನ ಬಿಕ್ಕಟ್ಟಿನ ಬಗ್ಗೆ ಗುಂಪಾಗಿ ಓದೋಕೆ ಯಾವ ಪುಸ್ತಕದಿಂದ ಶುರು ಮಾಡೋದು?

ಗೆಳೆಯರು ನಾಲ್ಕೈದು ಜನ ಸೇರಿ ಹವಾಮಾನ ಬಿಕ್ಕಟ್ಟಿನ ಪುಸ್ತಕಗಳನ್ನು ಓದಿ ಚರ್ಚೆ ಮಾಡಬೇಕು ಅಂತಿದ್ದೀರಿ. ಯಾರೂ ವಿಜ್ಞಾನ ಓದಿದವರಲ್ಲ, ಎಲ್ಲಿಂದ ಶುರು ಮಾಡೋದು, ಓದಿ ಓದಿ ಬರೀ ಹೆದರಿಕೆ ಹತ್ತಿಕೊಂಡರೆ ಏನು ಗತಿ ಅಂತ ಕೇಳಿದ್ದೀರಿ. ಇಂಥದ್ದೇ ಒಂದು ಗುಂಪಿನಲ್ಲಿ ನಾನೂ ಇದ್ದೇನೆ. ನನ್ನ ಸಲಹೆ ಇಷ್ಟೇ: ಎಲ್ಲರೂ ಒಪ್ಪಿ ತಲೆಯಾಡಿಸುವ ಪುಸ್ತಕ ಆರಿಸಬೇಡಿ. "ಭೂಮಿ ಬಿಸಿಯಾಗುತ್ತಿದೆ, ನಾವೇ ಕಾರಣ, ಹೀಗೇ ಹೋದರೆ ಕಷ್ಟ" ಅಂತ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹೇಳುವ ಪುಸ್ತಕ ಓದಿ ಸೇರಿದರೆ ಮಾತು ಬೇಗ ಮುಗಿದುಹೋಗುತ್ತದೆ. ಎಲ್ಲರೂ "ಹೌದಪ್ಪಾ, ಕಷ್ಟ" ಅಂತ ಮುಖ ಸಣ್ಣದು ಮಾಡಿಕೊಂಡು ಎದ್ದು ಹೋಗುತ್ತಾರೆ. ಜಗಳಕ್ಕೆ ಜಾಗ ಇರುವ ಪುಸ್ತಕ ಬೇಕು.

ಮೊದಲಿಗೆ ಅಮಿತಾವ್ ಘೋಷ್ ಅವರ 'ದಿ ಗ್ರೇಟ್ ಡಿರೇಂಜ್‌ಮೆಂಟ್' (2016) ತಗೊಳ್ಳಿ. ದಪ್ಪ ಪುಸ್ತಕವೇನಲ್ಲ. 1978ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಅವರು ಒಂದು ಸುಂಟರಗಾಳಿಗೆ ಸಿಕ್ಕಿಕೊಂಡು ಪಾರಾದರು. ಆಮೇಲೆ ಎಷ್ಟೋ ಕಾದಂಬರಿ ಬರೆದರೂ ಅದನ್ನು ಯಾವುದರಲ್ಲೂ ತರೋಕೆ ಆಗಲಿಲ್ಲ. ಯಾಕೆ ಅನ್ನೋದಕ್ಕೆ ಅವರ ವಾದ ಹೀಗಿದೆ: ಈಗಿನ ಕಾದಂಬರಿ ನಿಂತಿರೋದು ದಿನನಿತ್ಯ ನಡೆಯಬಹುದಾದ ಸಂಗತಿಗಳ ಮೇಲೆ, ಎಲ್ಲಿಂದಲೋ ಬಂದು ಬೀದಿಯನ್ನೇ ಎತ್ತಿ ಬಿಸಾಡುವ ಗಾಳಿ ಅದರೊಳಗೆ ನುಗ್ಗಿದರೆ ಓದುಗ ನಂಬೋದಿಲ್ಲ, ಆದರೆ ಹವಾಮಾನ ಬಿಕ್ಕಟ್ಟು ಅಂದರೇ ನಂಬಲಾಗದ್ದು ಮಾಮೂಲಿಯಾಗೋದು, ಹಾಗಾಗಿ ಗಂಭೀರ ಸಾಹಿತ್ಯ ಅದನ್ನು ಮುಟ್ಟದೆ ದೂರ ಉಳಿದಿದೆ. ನಾನಂತೂ ಪೂರ್ತಿ ಒಪ್ಪಲ್ಲ. ವೈಜ್ಞಾನಿಕ ಕಥೆ ಬರೆಯುವವರು ಇದನ್ನೆಲ್ಲ ಮೊದಲಿಂದ ಬರೆಯುತ್ತಲೇ ಇದ್ದಾರೆ, ಅವರನ್ನು ಹೊರಗೆ ಕೂರಿಸಿ ಒಳಗೆ ಯಾರೂ ಇಲ್ಲ ಅಂದರೆ ಹೇಗೆ? ಘೋಷ್ ಈ ಪ್ರಶ್ನೆಯನ್ನೂ ಎತ್ತುತ್ತಾರೆ, ಆದರೆ ಬೇಗ ದಾಟಿಬಿಡುತ್ತಾರೆ ಅಂತ ನನ್ನ ತಕರಾರು. 2019ರಲ್ಲಿ ಅವರೇ 'ಗನ್ ಐಲ್ಯಾಂಡ್' ಅಂತ ಕಾದಂಬರಿ ಬರೆದರು. ಅದನ್ನೂ ಓದಿ, ತಾವೇ ಕೇಳಿದ ಪ್ರಶ್ನೆಗೆ ತಾವೇ ಉತ್ತರ ಕೊಟ್ಟರಾ ಅಂತ ಜಗಳ ಆಡಿ.

ಮುಂದಿನದು ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಅವರ 'ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್' (2020). ದೊಡ್ಡ ಕಾದಂಬರಿ, ನಡುನಡುವೆ ಬೋರ್ ಹೊಡೆಸುತ್ತದೆ, ಹೇಳಿಬಿಡುತ್ತೇನೆ. ಆದರೆ ಮೊದಲ ಅಧ್ಯಾಯ ಯಾರೂ ಮರೆಯೋದಿಲ್ಲ: ಭಾರತದಲ್ಲಿ ಬಿಸಿಗಾಳಿ ಬಂದು ಕೋಟಿಗೂ ಹೆಚ್ಚು ಜನ ಸಾಯುತ್ತಾರೆ. ಇದನ್ನು ಓದುವಾಗ ಒಂದು ವಿಷಯ ಗೊತ್ತಿರಬೇಕು. ಬೆವರು ಆರಿದಾಗ ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಬೆವರು ಆರೋದೇ ಇಲ್ಲ. ಬಿಸಿ, ತೇವ ಎರಡನ್ನೂ ಸೇರಿಸಿ ಅಳೆಯುವ ವೆಟ್ ಬಲ್ಬ್ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಗಂಟೆಗಟ್ಟಲೆ ಹಾಗೇ ಇದ್ದರೆ, ನೆರಳಲ್ಲಿ ಸುಮ್ನೆ ಕೂತ ಗಟ್ಟಿಮುಟ್ಟು ಮನುಷ್ಯನೂ ಉಳಿಯೋದು ಕಷ್ಟ. ಅದಕ್ಕಿಂತ ಕಡಿಮೆಯಲ್ಲೇ ಅಪಾಯ ಶುರುವಾಗುತ್ತದೆ ಅಂತ ಇತ್ತೀಚಿನ ಪ್ರಯೋಗಗಳು ತೋರಿಸಿವೆ.

ಆ ಸಾವುಗಳಾದ ಮೇಲೆ ಕಥೆಯಲ್ಲಿ ಭಾರತ ಯಾರನ್ನೂ ಕೇಳದೆ ವಿಮಾನಗಳಿಂದ ಆಕಾಶದಲ್ಲಿ ಕಣಗಳನ್ನು ಹರಡಿ ಬಿಸಿಲಿಗೆ ಅಡ್ಡ ಹಾಕುತ್ತದೆ. ಸುಮ್ನೆ ಕಟ್ಟಿದ ಕಲ್ಪನೆ ಅಲ್ಲ. 1991ರಲ್ಲಿ ಫಿಲಿಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಉಗುಳಿದ ಗಂಧಕದ ಕಣಗಳಿಂದ ಇಡೀ ಭೂಮಿ ಒಂದೆರಡು ವರ್ಷ ಸುಮಾರು ಅರ್ಧ ಡಿಗ್ರಿ ತಣ್ಣಗಾಗಿತ್ತು. ಆದರೆ ಹೀಗೆ ಮಾಡಿದರೆ ಇಂಗಾಲದ ಡೈಆಕ್ಸೈಡ್ ಎಲ್ಲೂ ಹೋಗೋದಿಲ್ಲ, ಸಮುದ್ರ ಆಮ್ಲೀಯವಾಗೋದು ನಿಲ್ಲೋದಿಲ್ಲ, ಒಂದು ಕಡೆಯ ಮಳೆ ಇನ್ನೊಂದು ಕಡೆಗೆ ಸರಿಯಬಹುದು. ಸಾಯುತ್ತಿರುವ ದೇಶ ಬೇರೆಯವರ ಅನುಮತಿಗೆ ಕಾಯಬೇಕಾ? ನಮ್ಮ ಗುಂಪಿನಲ್ಲಿ ಈ ಪ್ರಶ್ನೆ ಇನ್ನೂ ಬಗೆಹರಿದಿಲ್ಲ, ಪ್ರತಿ ಸಲ ಯಾರೋ ಒಬ್ಬರು ಪಕ್ಷ ಬದಲಾಯಿಸಿಕೊಂಡು ಬರುತ್ತಾರೆ.

ವಿಜ್ಞಾನದ ಭಯ ಬೇಡ. ನಾನು ಮಾಡೋದು ಇಷ್ಟು: ಪುಸ್ತಕ ಅಚ್ಚಾದ ವರ್ಷ ನೋಡಿ, ಆ ವರ್ಷ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿತ್ತು ಅಂತ ಮೊದಲ ಪುಟದಲ್ಲಿ ಪೆನ್ಸಿಲ್‌ನಿಂದ ಬರೆದಿಡುತ್ತೇನೆ. ಹವಾಯಿಯ ಮೌನಾ ಲೋವಾದಲ್ಲಿ 1958ರಿಂದ ಅಳೆಯುತ್ತಿದ್ದಾರೆ, ಅಂಕಿಗಳು ಎಲ್ಲರಿಗೂ ಸಿಗುತ್ತವೆ. ಬಿಲ್ ಮೆಕ್‌ಕಿಬ್ಬನ್ ಅವರ 'ದಿ ಎಂಡ್ ಆಫ್ ನೇಚರ್' ಬಂದ 1989ರಲ್ಲಿ ಸುಮಾರು 353 ಪಿಪಿಎಂ (ಅಂದರೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 353) ಇತ್ತು, ಘೋಷ್ ಪುಸ್ತಕದ ಹೊತ್ತಿಗೆ 404, 2024ರಲ್ಲಿ ಸುಮಾರು 425. ಕಪಾಟಿನಲ್ಲಿ ಈ ಪುಸ್ತಕಗಳು ಸಾಲಾಗಿ ನಿಂತಾಗ, ಬರೆದಷ್ಟೂ ಅಂಕಿ ಏರುತ್ತಲೇ ಇದೆಯಲ್ಲ, ಹಾಗಾದರೆ ಪುಸ್ತಕಗಳಿಂದ ಏನಾಯಿತು ಅನ್ನೋ ಪ್ರಶ್ನೆ ತಾನಾಗಿ ಏಳುತ್ತದೆ. ಅದನ್ನೂ ಚರ್ಚೆಗೆ ಹಾಕಿ. ಗುಂಪಿನಲ್ಲಿ ಇಂಗ್ಲಿಷ್ ಕಷ್ಟ ಅನ್ನುವವರಿದ್ದರೆ ಕನ್ನಡದಲ್ಲಿ ವಿಜ್ಞಾನ, ಪರಿಸರದ ಬಗ್ಗೆ ಬರೆಯುವ ನಾಗೇಶ ಹೆಗಡೆಯವರ ಲೇಖನಗಳನ್ನು ಓದಲಿ, ಒಂದೊಂದು ಲೇಖನಕ್ಕೂ ಒಂದು ಸಂಜೆಯ ಮಾತು ಸಿಗುತ್ತದೆ.

ಹೆದರಿಕೆ ವಿಷಯ. "ಎಲ್ಲಾ ಮುಗೀತು" ಅಂತ ಬರೆಯುವ ಪುಸ್ತಕಗಳ ಬಗ್ಗೆ ನನಗೆ ಅಸಹನೆ. ಕಾರ್ಖಾನೆಗಳ ಕಾಲ ಶುರುವಾಗುವ ಮುಂಚಿಗಿಂತ ಭೂಮಿಯ ಬಿಸಿ 1.5 ಡಿಗ್ರಿ ಏರಿ ದಾಟಿದ ತಕ್ಷಣ ಪ್ರಪಂಚ ಕೊನೆಯಾಗೋದಿಲ್ಲ, 1.6ಕ್ಕಿಂತ 1.5 ಮೇಲು, 1.7ಕ್ಕಿಂತ 1.6 ಮೇಲು, ಅಷ್ಟೇ. ಇಂಗಾಲದ ಡೈಆಕ್ಸೈಡ್ ಉಗುಳುವುದನ್ನು ನಿವ್ವಳ ಸೊನ್ನೆಗೆ (ಉಗುಳಿದಷ್ಟನ್ನೂ ಗಾಳಿಯಿಂದ ವಾಪಸ್ ತೆಗೆಯುವ ಮಟ್ಟಕ್ಕೆ) ತಂದರೆ ಬಿಸಿ ಏರುವುದೂ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ ಅಂತ ವಿಜ್ಞಾನಿಗಳ ಅಂದಾಜು. ಇಷ್ಟು ಗೊತ್ತಿದ್ದರೆ ಭಯಂಕರ ಪುಸ್ತಕವನ್ನೂ ನೆಟ್ಟಗೆ ಕೂತು ಓದಬಹುದು.

ಇನ್ನು ನಿಮ್ಮಲ್ಲಿ ಒಬ್ಬರು "ಇದೆಲ್ಲ ಸೂರ್ಯನ ಆಟ, ನಮ್ಮದೇನಿಲ್ಲ" ಅನ್ನುವವರು ಇದ್ದೇ ಇರುತ್ತಾರೆ. ಓಡಿಸಬೇಡಿ, ಅವರಿಲ್ಲದಿದ್ದರೆ ಸಪ್ಪೆ. ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಕೆಳಗಿನ ಪದರ, ಮೇಲಿನ ಪದರ ಎರಡೂ ಬಿಸಿಯಾಗಬೇಕಿತ್ತು ಅಲ್ವಾ? ಕೆಳಗೆ ಬಿಸಿಯಾಗುತ್ತಿದೆ, ಮೇಲೆ ವಾಯುಮಂಡಲದ ಸ್ಟ್ರಾಟೋಸ್ಪಿಯರ್ ತಣ್ಣಗಾಗುತ್ತಿದೆ. ಇದಕ್ಕೆ ಏನಂತೀರಿ ಅಂತ ಕೇಳಿ. ಆಗಲೂ ಒಪ್ಪದಿದ್ದರೆ ಮುಂದಿನ ಸಲಕ್ಕೆ 'ಮರ್ಚೆಂಟ್ಸ್ ಆಫ್ ಡೌಟ್' (2010) ಓದಿಕೊಂಡು ಬಂದು ಮಾತಾಡುವ ಜವಾಬ್ದಾರಿ ಅವರಿಗೇ ಕೊಡಿ. ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದಾ ಅಂತ ಅನುಮಾನ ಹಬ್ಬಿಸಿದ ಕೆಲವು ವಿಜ್ಞಾನಿಗಳೇ ಆಮೇಲೆ ಭೂಮಿ ಬಿಸಿಯಾಗುವುದರ ಬಗ್ಗೆಯೂ ಅನುಮಾನ ಹಬ್ಬಿಸಿದ ಕಥೆ ಅದು.