ಮಾಟಗಾತಿಯರ ಮೇಲಿನ ನಂಬಿಕೆಯನ್ನು ಅಲುಗಿಸಿದವರು ವಿಜ್ಞಾನಿಗಳೇ?

ಹದಿನೇಳನೆಯ ಶತಮಾನದ ಕೊನೆಯಲ್ಲಿ ವಿಜ್ಞಾನಿಗಳು ದೆವ್ವ, ಮಾಟಗಾತಿಯರನ್ನು ಅಲ್ಲಗಳೆದರು, ಧರ್ಮಪೀಠಗಳು ಅವರನ್ನು ವಿರೋಧಿಸಿದವು, ಯುರೋಪಿನಲ್ಲಿ ನಡೆದದ್ದು ಇಷ್ಟೇ ಅಲ್ಲವೇ ಎಂದು ಕೇಳಿದ್ದೀರಿ. ನಾನು ಓದಿ ತಿಳಿದ ಮಟ್ಟಿಗೆ ಎರಡು ಪಾಳಯಗಳು ಹಾಗೆ ಬೇರ್ಪಟ್ಟಿರಲಿಲ್ಲ.

ಮಾಟಗಾತಿಯರು ನಿಜವೆಂದು ಇಂಗ್ಲೆಂಡಿನಲ್ಲಿ ಪಟ್ಟುಹಿಡಿದು ವಾದಿಸಿದ ಜೋಸೆಫ್ ಗ್ಲ್ಯಾನ್‌ವಿಲ್ ಪಾದ್ರಿಯೂ ಹೌದು, ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಸದಸ್ಯನೂ ಹೌದು. ಟೆಡ್‌ವರ್ತ್‌ನ ಮನೆಯೊಂದರಲ್ಲಿ ಕಾಣದ ಕೈ ಡೋಲು ಬಾರಿಸುತ್ತಿದೆ ಎಂಬ ಸುದ್ದಿ ಹಬ್ಬಿದಾಗ ಅವನು ಖುದ್ದಾಗಿ ಹೋಗಿ ಪರಿಶೀಲಿಸಿ, ಕಂಡದ್ದನ್ನೂ ಕೇಳಿದ್ದನ್ನೂ ಬರೆದಿಟ್ಟ. ಇಂದು ಅಶರೀರ ಶಕ್ತಿಗಳನ್ನು ಅಲ್ಲಗಳೆದವರು ನಾಳೆ ಆತ್ಮವನ್ನೂ ಕೊನೆಗೆ ದೇವರನ್ನೂ ಅಲ್ಲಗಳೆಯುತ್ತಾರೆ ಎಂಬುದು ಅವನ ನಿಜವಾದ ಆತಂಕವಾಗಿತ್ತು.

ಇದಕ್ಕೆ ಅತಿ ಗಟ್ಟಿಯಾದ ಪ್ರತಿವಾದ ಬಂದದ್ದು ಆಮ್‌ಸ್ಟರ್‌ಡ್ಯಾಮಿನ ಪಾದ್ರಿ ಬಾಲ್ತಸಾರ್ ಬೆಕ್ಕರ್‌ನಿಂದ ಎಂದು ನಾನು ಭಾವಿಸುತ್ತೇನೆ. 1691ರಿಂದ 1693ರವರೆಗೆ ನಾಲ್ಕು ಭಾಗಗಳಲ್ಲಿ, ಸಾಮಾನ್ಯ ಜನರೂ ಓದಬಲ್ಲ ಡಚ್ ಭಾಷೆಯಲ್ಲಿ, ಅವನು ತನ್ನ ಗ್ರಂಥವನ್ನು ಪ್ರಕಟಿಸಿದ. ದೇಹವಿಲ್ಲದ ಚೇತನವು ಇನ್ನೊಬ್ಬರ ದೇಹದ ಮೇಲೆ ಪ್ರಭಾವ ಬೀರಲಾರದು ಎಂಬ ವಾದದಲ್ಲಿ ದೇಹ ಮತ್ತು ಚೇತನ ಬೇರೆ ಬೇರೆ ಎಂದ ಫ್ರೆಂಚ್ ಚಿಂತಕ ದೆಕಾರ್ತನ ತತ್ತ್ವಶಾಸ್ತ್ರ ಅವನ ನೆರವಿಗೆ ಬಂದಿತ್ತು; ಆದರೆ ವಾದದ ಬೇರು ಇದ್ದದ್ದು ಭಕ್ತಿಯಲ್ಲೇ. ಬಿರುಗಾಳಿ ಎಬ್ಬಿಸುವ, ರೋಗ ತರುವ ಸಾಮರ್ಥ್ಯ ಸೈತಾನನಿಗೂ ಇದೆಯೆಂದು ಒಪ್ಪಿದರೆ ಲೋಕದಲ್ಲಿ ದೇವರಿಗೆ ಸಮನಾದ ಮತ್ತೊಬ್ಬ ಒಡೆಯನನ್ನು ಕೂರಿಸಿದಂತಾಗುತ್ತದೆ ಎಂದು ಅವನು ಓದುಗರನ್ನು ಎಚ್ಚರಿಸಿದ. ಅದೇ ದೇವರನ್ನು ಕಾಪಾಡಲು ಗ್ಲ್ಯಾನ್‌ವಿಲ್‌ಗೆ ದೆವ್ವಗಳು ಬೇಕಾಗಿದ್ದವು ಎಂಬುದನ್ನು ನೆನೆದಾಗ ಈ ಚರ್ಚೆಯ ಆಳ ತಿಳಿಯುತ್ತದೆ. 1692ರಲ್ಲಿ ಧರ್ಮಸಭೆ ಬೆಕ್ಕರ್‌ನನ್ನು ಪಾದ್ರಿಯ ಹುದ್ದೆಯಿಂದ ತೆಗೆಯಿತು. ನಗರಾಡಳಿತ ಮಾತ್ರ ಅವನ ಸಂಬಳವನ್ನು ನಿಲ್ಲಿಸಲಿಲ್ಲ.

ಮಾಟದ ಆರೋಪ ಹೊತ್ತ ಹೆಂಗಸರ ಪ್ರಾಣ ಉಳಿಸಿದ್ದು ಮಾತ್ರ ನ್ಯಾಯಶಾಸ್ತ್ರ. 1694ರಲ್ಲಿ ಜರ್ಮನಿಯ ಹಾಲೆ ನಗರದ ಕಾನೂನು ಪ್ರಾಧ್ಯಾಪಕ ಕ್ರಿಸ್ಟಿಯಾನ್ ತೊಮಾಸಿಯುಸ್ ಮಾಟದ ಪ್ರಕರಣವೊಂದರಲ್ಲಿ ಹಳೆಯ ಗ್ರಂಥಗಳನ್ನು ನಂಬಿ ಕಠಿಣ ಅಭಿಪ್ರಾಯ ನೀಡಿದಾಗ ಸಹೋದ್ಯೋಗಿಗಳು ಅದನ್ನು ಒಪ್ಪಲಿಲ್ಲ. ಆ ಮುಖಭಂಗವೇ ಅವನನ್ನು ಮರುಚಿಂತನೆಗೆ ಹಚ್ಚಿತು. 1701ರ ಪ್ರಬಂಧದಲ್ಲಿ ಅವನು ಸೈತಾನನಿದ್ದಾನೆ ಎಂದು ಒಪ್ಪಿಕೊಂಡೇ, ದೇಹವಿಲ್ಲದ ಅವನು ಮನುಷ್ಯರೊಡನೆ ಒಪ್ಪಂದ ಮಾಡಿಕೊಳ್ಳಲಾರ, ಆದ್ದರಿಂದ ಮಾಟವೆಂಬ ಅಪರಾಧಕ್ಕೆ ಅಸ್ತಿತ್ವವೇ ಇಲ್ಲ ಎಂದು ವಾದಿಸಿದ. ನಂಬಿಕೆಯನ್ನು ಬಿಡದೆಯೇ ಆರೋಪಿಯನ್ನು ಬಿಡುವ ದಾರಿ ಇದರಿಂದ ನ್ಯಾಯಾಧೀಶರಿಗೆ ತೆರೆಯಿತು. 1714ರಲ್ಲಿ ಪ್ರಷ್ಯಾದ ದೊರೆ ಇಂಥ ಮೊಕದ್ದಮೆಗಳಲ್ಲಿ ಚಿತ್ರಹಿಂಸೆಗೂ ಮರಣದಂಡನೆಗೂ ತನ್ನ ಒಪ್ಪಿಗೆ ಕಡ್ಡಾಯವೆಂದು ಆಜ್ಞೆ ಹೊರಡಿಸಿದ.