ಅಧ್ಯಕ್ಷರು ಬದಲಾದರೆ ಸಾಕಾ?

ಅಮೆರಿಕದಲ್ಲಿ ಮುಂದೆ ಡೆಮಾಕ್ರಾಟ್ ಅಧ್ಯಕ್ಷರು ಬಂದರೆ ಗರ್ಭಪಾತದ ಹಕ್ಕು ವಾಪಸ್ ಬರುತ್ತಾ ಅಂತ ಕೇಳಿದ್ದೀರಿ. ಅಷ್ಟು ಸುಲಭ ಇಲ್ಲ. ಆ ಹಕ್ಕನ್ನು ತೆಗೆದದ್ದು ಅಲ್ಲಿನ ಸುಪ್ರೀಂ ಕೋರ್ಟ್. ನಮ್ಮ ಸುಪ್ರೀಂ ಕೋರ್ಟ್‌ನಲ್ಲಿ 65ಕ್ಕೆ ನಿವೃತ್ತಿ. ಅಲ್ಲಿ ಜೀವನಪೂರ್ತಿ ಕೂರಬಹುದು. ಹಾಗಾಗಿ ಕುರ್ಚಿ ಖಾಲಿಯಾದಾಗ ಅಧ್ಯಕ್ಷರು ಯಾರು, ನೇಮಕಕ್ಕೆ ಒಪ್ಪಿಗೆ ಕೊಡುವ ಸೆನೆಟ್ (ಸಂಸತ್ತಿನ ಮೇಲ್ಮನೆ) ಯಾರ ಕೈಯಲ್ಲಿದೆ ಅನ್ನುವುದೇ ಮುಖ್ಯ.

2016ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡರು. ಒಬಾಮ ಸೂಚಿಸಿದ ಗಾರ್ಲೆಂಡ್ ಅವರ ಹೆಸರನ್ನು ರಿಪಬ್ಲಿಕನ್ ಸೆನೆಟ್ ಕೈಗೆತ್ತಿಕೊಳ್ಳಲೇ ಇಲ್ಲ. ಚುನಾವಣೆಯ ವರ್ಷ ಅಂತ ನೆಪ. 2020ರಲ್ಲಿ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ತೀರಿಕೊಂಡಾಗ ಮಾತ್ರ ಚುನಾವಣೆಗೆ ಎಂಟೇ ದಿನ ಇರುವಾಗ ಟ್ರಂಪ್ ಸೂಚಿಸಿದ ಬ್ಯಾರೆಟ್ ನೇಮಕಕ್ಕೆ ಒಪ್ಪಿಗೆ ಕೊಟ್ಟಿತು. ಆಗ ಆ ನೆಪ ಎಲ್ಲಿ ಹೋಯಿತೋ! ಟ್ರಂಪ್ ಮೊದಲ ಅವಧಿಯಲ್ಲಿ ನೇಮಿಸಿದ ಮೂವರೂ, 2022ರ ಡಾಬ್ಸ್ ಪ್ರಕರಣದಲ್ಲಿ ದೇಶಕ್ಕೆಲ್ಲ ಗರ್ಭಪಾತದ ಹಕ್ಕು ಕೊಟ್ಟಿದ್ದ 1973ರ ರೋ ತೀರ್ಪನ್ನು ತಳ್ಳಿಹಾಕಿದ ಐವರಲ್ಲಿದ್ದರು. ಬ್ಯಾರೆಟ್ ಹುಟ್ಟಿದ್ದು 1972ರಲ್ಲಿ. ಇನ್ನೆಷ್ಟು ವರ್ಷ ಇರಬಹುದು, ನೀವೇ ಲೆಕ್ಕ ಹಾಕಿ.

ಡಾಬ್ಸ್ ತೀರ್ಪಿನ ನಂತರ ಗರ್ಭಪಾತದ ಕಾನೂನು ಆಯಾ ರಾಜ್ಯದ ಕೈಗೆ ಹೋಯಿತು. ಹಾಗಾಗಿ ನನ್ನ ಪ್ರಕಾರ ಈಗ ಜಾಸ್ತಿ ಗಮನಿಸಬೇಕಾದದ್ದು ರಾಜ್ಯಗಳನ್ನು. ವಿಸ್ಕಾನ್ಸಿನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳನ್ನು ಜನರೇ ಆರಿಸುತ್ತಾರೆ. 2023ರ ಚುನಾವಣೆಯಿಂದ ಆ ಕೋರ್ಟಿನಲ್ಲಿ ಉದಾರವಾದಿಗಳಿಗೆ ಬಹುಮತ ಸಿಕ್ಕಿತು. 2025ರಲ್ಲಿ ಅದೇ ಕೋರ್ಟ್ 1849ರ ಗರ್ಭಪಾತ ನಿಷೇಧವನ್ನು 4-3ರಿಂದ ಬದಿಗೆ ಸರಿಸಿತು. ಓಹಾಯೋದಲ್ಲಂತೂ ಜನರೇ 2023ರಲ್ಲಿ ಮತ ಹಾಕಿ ಈ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಿದರು. ಆದರೆ ಫ್ಲಾರಿಡಾದಲ್ಲಿ 2024ರಲ್ಲಿ ಸುಮಾರು 57% ಜನ ಹೌದು ಅಂದರೂ ಸಾಲಲಿಲ್ಲ. ಅಲ್ಲಿ 60% ಬೇಕು.