ಬಸುರಿಯ ಮೈ ಪ್ರಯೋಗಶಾಲೆಯೇ?

ಮೇಷ್ಟ್ರೇ, ನಿಮ್ಮ ಪತ್ರದ ಸಿಟ್ಟಿನ ಹಿಂದಿರುವುದು ಸೊಸೆಯ ಮೇಲಿನ ಮಮತೆ ಎಂದು ಗೊತ್ತು. ಎರಡು ಸಲ ಗರ್ಭಪಾತವಾಗಿ ನೊಂದ ಹುಡುಗಿಗೆ ಈ ಸಲವೂ ರಕ್ತ ಕಂಡಿದೆ, ವೈದ್ಯರು ಗರ್ಭ ನಿಲ್ಲಲು ನೆರವಾಗುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಬರೆದಿದ್ದಾರೆ. ಅದೇ ಹೊತ್ತಿಗೆ ನಮ್ಮ ಕಳೆದ ಸಂಚಿಕೆ ಕೈಗೆ ಬಂದಿದೆ. ಇಂಥದೇ ಸ್ಥಿತಿಯಲ್ಲಿದ್ದ ಸಾವಿರಾರು ಹೆಂಗಸರಲ್ಲಿ ಅರ್ಧದಷ್ಟು ಜನಕ್ಕೆ ಈ ಔಷಧ, ಉಳಿದವರಿಗೆ ಹೋಲಿಸಿ ನೋಡಲೆಂದು ಔಷಧದ ಅಂಶವೇ ಇಲ್ಲದ ಹುಸಿ ಔಷಧ ಕೊಟ್ಟ ಬ್ರಿಟನ್ನಿನ ಅಧ್ಯಯನವನ್ನು ನಾವು ಹೊಗಳಿದ್ದೆವು. “ಬಸುರಿಯ ಮೈ ಪ್ರಯೋಗಶಾಲೆಯಲ್ಲ” ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀರಿ.

ಭಯಕ್ಕೆ ಆಧಾರವಿದೆ, ಒಪ್ಪಿದೆ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ನಿದ್ದೆಯ ಮಾತ್ರೆಯನ್ನು 1961ರಲ್ಲಿ ಹಿಂತೆಗೆಯುವಷ್ಟರಲ್ಲಿ ಸಾವಿರಾರು ಕೂಸುಗಳು ಕೈಕಾಲು ಮೊಟಕಾಗಿ ಹುಟ್ಟಿದ್ದವು. ಆದರೆ ಅದನ್ನು ಸರಿಯಾಗಿ ಪರೀಕ್ಷಿಸದೆಯೇ ಬಸುರಿಯರ ಕೈಗೆ ಕೊಟ್ಟಿದ್ದರು. ನಿಮ್ಮ ದಾರಿ ನನ್ನ ದಾರಿ ಬೇರೆಯಾಗುವುದು ಇಲ್ಲೇ.

ಡಿಇಎಸ್ ಎಂಬ ಕೃತಕ ಈಸ್ಟ್ರೋಜನ್ನಿನ, ಅಂದರೆ ಕೃತಕ ಹೆಣ್ಣು ಹಾರ್ಮೋನಿನ ಕತೆ ಕೇಳಿ. ಗರ್ಭ ನಿಲ್ಲಲಿ ಎಂದು 1940ರ ದಶಕದಿಂದ ಅಮೆರಿಕದಲ್ಲಿ ಅದನ್ನು ಧಾರಾಳವಾಗಿ ಕೊಡುತ್ತಿದ್ದರು. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಡೀಕ್‌ಮನ್ ತಂಡ 840 ಬಸುರಿಯರಿಗೆ ಔಷಧ, 806 ಜನಕ್ಕೆ ಹುಸಿ ಗುಳಿಗೆ ಕೊಟ್ಟು ನೋಡಿತು. ಔಷಧದಿಂದ ಎಳ್ಳಷ್ಟೂ ಲಾಭ ಕಾಣಲಿಲ್ಲ. ಆದರೂ ಅದನ್ನು ಚೀಟಿಯಲ್ಲಿ ಬರೆಯುವ ವೈದ್ಯರ ಕೈಗಳು ನಿಲ್ಲಲಿಲ್ಲ. 1971ರಲ್ಲಿ ಬಾಸ್ಟನ್ನಿನ ಹರ್ಬ್ಸ್ಟ್ ಮತ್ತು ಸಂಗಡಿಗರು ಯೋನಿಯ ಅಪರೂಪದ ಕ್ಯಾನ್ಸರ್ ಬಂದಿದ್ದ 8 ಎಳೆಯ ಹುಡುಗಿಯರ ವಿವರ ಪ್ರಕಟಿಸಿದರು. ಅವರಲ್ಲಿ 7 ಹುಡುಗಿಯರ ತಾಯಂದಿರು ಬಸುರಿಯಾಗಿದ್ದಾಗ ಡಿಇಎಸ್ ನುಂಗಿದ್ದರು. ಆ ಸಂಶಯ ಮೊದಲು ಬಂದದ್ದು ಒಬ್ಬ ತಾಯಿಗೆ! ನಡುವಿನ ಹದಿನೆಂಟು ವರ್ಷ ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನನ್ನ ಅಕ್ಕನಿಗೂ ಬಸುರಿಯಾಗಿದ್ದಾಗ ವಾರಕ್ಕೊಂದು ಇಂಜೆಕ್ಷನ್ ಆಗುತ್ತಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಗುರುವಾರದ ಮೇಲೆ ಅವಳು ಪೆನ್ಸಿಲಿನಲ್ಲಿ ಚುಕ್ಕೆ ಇಡುತ್ತಿದ್ದಳು. ಇದು ಯಾತಕ್ಕೆ ಎಂದು ನಾನು ಕೇಳಿದಾಗ ವೈದ್ಯರು, “ಎಲ್ಲರಿಗೂ ಕೊಡ್ತೀವಿ, ಹೆದರಬೇಡಿ” ಎಂದರು. ಒಂಬತ್ತನೆಯ ಚುಕ್ಕೆಗೆ ಗರ್ಭ ಹೋಯಿತು. ಆಮೇಲೆ ಆಸ್ಪತ್ರೆಯಿಂದ ಯಾರೂ ಏನಾಯಿತೆಂದು ಕೇಳಲಿಲ್ಲ, ಬರೆದುಕೊಳ್ಳಲಿಲ್ಲ. ಮೇಷ್ಟ್ರೇ, ಅವಳ ಮೇಲೆ ನಡೆದದ್ದೂ ಪ್ರಯೋಗವೇ. ಲೆಕ್ಕ ಇಡುವವರು ಮಾತ್ರ ಇರಲಿಲ್ಲ.

ಈಗ ನೀವು ಬೈದ ಅಧ್ಯಯನಕ್ಕೆ ಬರುತ್ತೇನೆ. 2019ರಲ್ಲಿ ಪ್ರಕಟವಾದ ಅದರಲ್ಲಿ, ಮೊದಲ ತಿಂಗಳುಗಳಲ್ಲಿ ರಕ್ತ ಕಂಡ 4,153 ಹೆಂಗಸರು ಎಲ್ಲ ತಿಳಿದೇ ಸಹಿ ಹಾಕಿ ಸೇರಿಕೊಂಡಿದ್ದರು. ಪ್ರೊಜೆಸ್ಟರಾನ್ ಪಡೆದವರಲ್ಲಿ ನೂರಕ್ಕೆ 75 ಜನಕ್ಕೆ ಮಗು ಉಳಿಯಿತು, ಹುಸಿ ಔಷಧ ಪಡೆದವರಲ್ಲಿ 72. ಈ ಅಂತರ ಆಕಸ್ಮಿಕವೂ ಇರಬಹುದು. ಆದರೆ ಹಿಂದೆ ಮೂರು ಅಥವಾ ಹೆಚ್ಚು ಸಲ ಗರ್ಭಪಾತವಾಗಿದ್ದವರನ್ನಷ್ಟೇ ನೋಡಿದರೆ 72 ಮತ್ತು 57! ಹಿಂದೆ ಗರ್ಭಪಾತವಾಗಿದ್ದು ಈಗ ರಕ್ತ ಕಂಡವರಿಗೆ ಪ್ರೊಜೆಸ್ಟರಾನ್ ಕೊಡಬಹುದೆಂದು ಬ್ರಿಟನ್ನಿನ ಮಾರ್ಗಸೂಚಿ 2021ರಲ್ಲಿ ಹೇಳಿದ್ದು ಇದರ ಬಲದಿಂದಲೇ. ನಿಮ್ಮ ಸೊಸೆಯ ಚೀಟಿಯಲ್ಲಿರುವ ಔಷಧದ ಬೆನ್ನಿಗೆ ನಿಂತವರು, ಹುಸಿ ಔಷಧ ಬಂದರೂ ಬರಲಿ ಎಂದು ಒಪ್ಪಿದ ಆ ತಾಯಂದಿರು.

ಥಾಲಿಡೊಮೈಡಿನ ಭಯದಲ್ಲಿ ಅಮೆರಿಕದ ಔಷಧ ನಿಯಂತ್ರಕರು 1977ರಲ್ಲಿ ಮಕ್ಕಳಾಗುವ ವಯಸ್ಸಿನ ಹೆಂಗಸರನ್ನೇ ಔಷಧಗಳ ಆರಂಭಿಕ ಪರೀಕ್ಷೆಗಳಿಂದ ಹೊರಗಿಟ್ಟರು. ಅದು ಸಡಿಲವಾಗಲು 1993 ಬರಬೇಕಾಯಿತು. ಇವತ್ತಿಗೂ ಔಷಧದ ಡಬ್ಬಿಯೊಳಗಿನ ಚೀಟಿ ಬಿಡಿಸಿದರೆ “ಗರ್ಭಿಣಿಯರಲ್ಲಿ ಸಾಕಷ್ಟು ಮಾಹಿತಿ ಇಲ್ಲ” ಎಂಬ ಸಾಲು ಎದುರಾಗುತ್ತದೆ. ಬಸುರಿಗೆ ಆಸ್ತಮಾ ಬರುವುದಿಲ್ಲವೇ, ಮೂರ್ಛೆರೋಗ ಇರುವುದಿಲ್ಲವೇ? ತಿಳಿವಳಿಕೆ ಇಲ್ಲದ ಕಡೆ ತುಂಬಿಕೊಳ್ಳುವುದು ದೂರು. ಭಾರ ಎತ್ತಿದಳು, ಓಡಾಡಿದಳು, ಯೋಚನೆ ಹಚ್ಚಿಕೊಂಡಳು ಎನ್ನುತ್ತಾರೆ. ನೀವೂ ಕೊನೆಯ ಸಾಲಿನಲ್ಲಿ “ಹೇಳಿದರೂ ಕೇಳದೆ ಮೆಟ್ಟಿಲು ಹತ್ತುತ್ತಾಳೆ” ಎಂದಿದ್ದೀರಿ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಹಾಸಿಗೆಯಲ್ಲೇ ಮಲಗಿದರೆ ಗರ್ಭ ಉಳಿಯುತ್ತದೆಂದು ಈವರೆಗಿನ ಯಾವ ಪರೀಕ್ಷೆಯೂ ತೋರಿಸಿಕೊಟ್ಟಿಲ್ಲ. ಆ ಮೆಟ್ಟಿಲಿನ ಮಾತನ್ನು ದಯವಿಟ್ಟು ಅವಳ ಮುಂದೆ ಆಡಬೇಡಿ.

— ಸಂಪಾದಕ